ಕನ್ನಡಿ ಪೆಟ್ಟಿಗೆಯಿಂದ ಎದ್ದವನು

ಮೌನೇಶ ಬಡಿಗೇರ ಮದುವೆಯಾದಾಗಿನಿಂದ ಮೂವತ್ತೊಂದು ವರ್ಷ ಹೆಂಡತಿಯನ್ನು ಹೆಸರು ಹಿಡಿದು ಕರೆದವನಲ್ಲ. 'ಏ' ಎಂದರೆ ದಾಕ್ಷಾಯಣಿ ಬರಬೇಕು. ಮನೆ ತುಂಬ ಜನ ಇದ್ದರೂ ಆ 'ಏ' ತನಗೇ ಎಂದು ಅವಳಿಗೆ ಗೊತ್ತಾಗುತ್ತಿತ್ತು. ಅಂಥವನು ನಾಗರ ಪಂಚಮಿಗೆ ಎರಡು ದಿನ ಮುಂಚೆ, ಬೆಳಿಗ್ಗೆ ಒಂಬತ್ತಕ್ಕೆ, ಪಡಸಾಲೆಯ ತೊಲೆಗೆ ತಾನೇ ಕಟ್ಟಿದ ಜೋಕಾಲಿಯ ಹಗ್ಗ ಜಗ್ಗಿ ನೋಡುತ್ತ, "ದಾಕ್ಷಾಯಣಿ, ಮೊಮ್ಮಗಳು ಎಷ್ಟ ತೂಕ ಇರಬಹುದ..." ಎಂದವನು ಅಲ್ಲಿಗೇ ನಿಂತುಬಿಟ್ಟ. ಬಾಯಿ ತೆರೆದೇ ಇತ್ತು, ಕೈ ಹಗ್ಗದ ಮೇಲೆಯೇ ಇತ್ತು. ಕಣ್ಣು ಮಾತ್ರ ಏನನ್ನೂ ನೋಡುತ್ತಿರಲಿಲ್ಲ.

ದಾಕ್ಷಾಯಣಿ ಕಿರುಚಲಿಲ್ಲ. ಊರಿಗೆ ನೀರು ಬಿಡುವ ಪಂಪ್‌ಹೌಸಿನ ಕಂಟ್ರೋಲ್ ರೂಮಿನಲ್ಲಿ ಇಪ್ಪತ್ತಾರು ವರ್ಷ ಕೂತವಳು. ಮೋಟಾರು ನಿಂತಾಗ ಕಿರುಚಿದರೆ ಮೋಟಾರು ಶುರುವಾಗುವುದಿಲ್ಲ ಎಂದು ಅವಳಿಗೆ ಗೊತ್ತು. ಗಂಡನನ್ನು ತೋಳು ಹಿಡಿದು ಕುರ್ಚಿಯಲ್ಲಿ ಕೂರಿಸಿ, ದೇವರ ಜಗುಲಿಯ ಪಕ್ಕ ಇಟ್ಟಿದ್ದ ಕನ್ನಡಿ ಪೆಟ್ಟಿಗೆಯನ್ನು ಎತ್ತಿಕೊಂಡು ಬಂದಳು.

ಹೋದ ವರ್ಷ ಕಾರಹುಣ್ಣಿಮೆಯ ಹೊತ್ತಿಗೆ ಮೌನೇಶನಿಗೆ ಲಕ್ವಾ ಹೊಡೆದಿತ್ತು. ಮೆದುಳಿನ ಎಡಭಾಗ ಒಂದಷ್ಟು ಕೆಟ್ಟುಹೋಯಿತು. ಈಗಿನ ಕಾಲದಲ್ಲಿ ಅದಕ್ಕೂ ಒಂದು ದಾರಿ ಇದೆಯಲ್ಲ. ಕಿವಿಯ ಹಿಂದಿನ ಮೂಳೆಯೊಳಗೆ ಹುಣಸೆಬೀಜದಷ್ಟು ಚಿಪ್ ಕೂರಿಸಿದರು. ಕೆಟ್ಟ ಭಾಗದ ಕೆಲಸವನ್ನೆಲ್ಲ ಅದೇ ಮಾಡುತ್ತದೆ, ಮರೆತ ಮಾತನ್ನು ಮಾತ್ರ ಹೊಸದಾಗಿ ಕಲಿಯಬೇಕು. ಕೂರಿಸಿದ ದಿನದಿಂದ ಮುಂದಿನ ನೆನಪನ್ನೆಲ್ಲ ಅದೇ ಇಟ್ಟುಕೊಳ್ಳುತ್ತದೆ. ಅದು ನಿಂತರೆ ಮನುಷ್ಯನೂ ನಿಲ್ಲುತ್ತಾನೆ. ಸಾಯುವುದಿಲ್ಲ, ಉಸಿರಾಡುತ್ತಾನೆ, ಯಾರಾದರೂ ಎಬ್ಬಿಸಲಿ ಎಂದು ಕಾಯುತ್ತಾನೆ. ಅದಕ್ಕೆಂದೇ ಕಂಪನಿಯವರು ಊಟದ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆಯೊಂದನ್ನು ಕೊಡುತ್ತಾರೆ. ಪ್ರತಿ ಸೋಮವಾರ ಅದರ ವೈರನ್ನು ಕಿವಿಯ ಹಿಂದೆ ಅಂಟಿಸಿಕೊಂಡು ಕಾಲು ಗಂಟೆ ಕೂತರೆ ಒಳಗಿನದೆಲ್ಲ ಇದ್ದ ಹಾಗೇ ಪೆಟ್ಟಿಗೆಯಲ್ಲಿ ಮೂಡುತ್ತದೆ. ಹಾಗಾಗಿ ಅದಕ್ಕೆ ಕನ್ನಡಿ ಎಂದು ಹೆಸರು. ಒಳಗಿನ ಚಿಪ್ ಕೈಕೊಟ್ಟ ದಿನ ಈ ಹೊರಗಿನ ಪೆಟ್ಟಿಗೆಯಿಂದಲೇ ಮನುಷ್ಯನನ್ನು ಶುರು ಮಾಡಬಹುದು. ವೈರಿನ ಉದ್ದಕ್ಕಿಂತ ಆಚೆ ಹೋಗುವಂತಿಲ್ಲ, ಅಷ್ಟೆ. ಮೋಟಾರು ಸುಟ್ಟಾಗ ಸ್ಟ್ಯಾಂಡ್‌ಬೈ ಮೋಟಾರಿಗೆ ಬದಲಾಯಿಸಿದ ಹಾಗೆ ಎಂದು ದಾಕ್ಷಾಯಣಿ ಮೊದಲ ದಿನವೇ ಅರ್ಥ ಮಾಡಿಕೊಂಡಿದ್ದಳು.

ಕಂಪನಿಯ ಸರ್ವಿಸ್ ಸೆಂಟರಿನಿಂದ ಫೋನಿಗೆ ಬಂದವಳು ಪ್ರಫುಲ್ಲಾ ಶೆಣೈ. ಮಂಗಳೂರು ಕಡೆಯವಳು, ಚಿಪ್ ಕೂರಿಸಿದಾಗಿನಿಂದಲೂ ಇವರ ಮನೆಯನ್ನು ನೋಡಿಕೊಳ್ಳುತ್ತಿದ್ದ ಎಂಜಿನಿಯರ್.

"ಹೆದರ್ಬೇಡಿ ಅಮ್ಮ. ವೈರು ಅಂಟಿಸಿದ್ರಾ? ಪಕ್ಕದಲ್ಲಿ ಸ್ವಿಚ್ ಉಂಟಲ್ಲ, ಅದನ್ನು 'ಒಳಗೆ'ಯಿಂದ 'ಹೊರಗೆ'ಗೆ ತಿರುಗಿಸಿ. ಈಗ ಹಸಿರು ಗುಂಡಿಯನ್ನು ಐದು ಎಣಿಸುವವರೆಗೆ ಒತ್ತಿ ಹಿಡೀರಿ."

ದಾಕ್ಷಾಯಣಿ ಎಣಿಸಿದಳು. ಪೆಟ್ಟಿಗೆ ಸಣ್ಣಗೆ ಗುಂಯ್‌ಗುಟ್ಟಿತು. ಮೌನೇಶನ ರೆಪ್ಪೆ ಅಲುಗಿತು, ಬಾಯಿ ಮುಚ್ಚಿಕೊಂಡಿತು. ಅವಳಿಗೆ ಹೋದ ಜೀವ ಬಂದಂತಾಯಿತು. ಅವನು ಸುತ್ತ ನೋಡಿದ. ತನ್ನ ಕೈಯನ್ನು, ಕಿಟಕಿಯನ್ನು, ಕೊನೆಗೆ ಅವಳನ್ನು ನೋಡಿದ.

"ಏ," ಅಂದ. "ಎಲ್ಲಿ ಸತ್ತಿದ್ದಿ ಇಷ್ಟೊತ್ತು?"

ಆಮೇಲೆ ತೊಲೆಯ ಕಡೆ ನೋಡಿ, "ಯಾರ ಕಟ್ಯಾರ ಇದನ್ನ... ಇದನ್ನ..." ಎಂದು ತಡಕಾಡಿದ. ಜೋಕಾಲಿ ಎಂಬ ಮಾತು ಬಾಯಿಗೆ ಬರಲಿಲ್ಲ. "ತಗಿ ಅದನ್ನ," ಎಂದು ಮುಖ ತಿರುಗಿಸಿದ.

ಫೋನು ಇನ್ನೂ ಕಿವಿಯ ಹತ್ತಿರವೇ ಇತ್ತು. "ಎದ್ರಾ ಅಮ್ಮ? ಮಾತಾಡಿದ್ರಾ?" ಎಂದು ಪ್ರಫುಲ್ಲಾ ಕೇಳುತ್ತಿದ್ದಳು.

"ಎದ್ರು," ಅಂದಳು ದಾಕ್ಷಾಯಣಿ. "ಆದ್ರ ಬ್ಯಾರೇದವರು ಎದ್ದಾರ್ರಿ."

ಬೇರೆಯವನೇನಲ್ಲ, ಹಳಬನೇ. ಲಕ್ವಾ ಹೊಡೆದ ಹೊಸದರಲ್ಲಿ ಮೌನೇಶನಿಗೆ ವಸ್ತುಗಳ ಹೆಸರೆಲ್ಲ ಮರೆತುಹೋಗಿದ್ದವು. ಮೂವತ್ತು ವರ್ಷ ಲೇಥ್ ಮಶೀನು ತಿರುಗಿಸಿದವನಿಗೆ ಲೇಥ್ ಎಂಬ ಹೆಸರೇ ಇರಲಿಲ್ಲ. ಬೈಗುಳ ಮಾತ್ರ ಒಂದೂ ಹೋಗಿರಲಿಲ್ಲ. ಬೈಗುಳಕ್ಕೆ ಮೆದುಳಿನ ಬೇರೆಯೇ ಜಾಗ ಇರುತ್ತದೆ ಎಂದು ಡಾಕ್ಟರು ಹೇಳಿದ್ದರು. ದೇವರು ಜಾಗ ಕೊಡುವಾಗ ಯಾವುದನ್ನು ಕಾಪಾಡಬೇಕು ಎಂದು ಚೆನ್ನಾಗಿಯೇ ಯೋಚಿಸಿದ್ದಾನೆ! 'ಏ', 'ಅದು', 'ಇದು' ಮತ್ತು ಬೈಗುಳ, ಇಷ್ಟರಲ್ಲೇ ಆರು ತಿಂಗಳು ಸಂಸಾರ ನಡೆಯಿತು. ಮೊದಲಿಗಿಂತ ಹೆಚ್ಚೇನೂ ವ್ಯತ್ಯಾಸ ಇರಲಿಲ್ಲ ಎಂದು ದಾಕ್ಷಾಯಣಿ ಪಂಪ್‌ಹೌಸಿನಲ್ಲಿ ಹೇಳಿ ನಗಿಸುತ್ತಿದ್ದಳು.

ಎಳ್ಳಮಾಸಿಯ ಸುಮಾರಿಗೆ ಮಾತು ಕಲಿಸಲು ಒಬ್ಬ ಅಕ್ಕೋರು ಬರತೊಡಗಿದರು. ಮನೆಯ ಒಂದೊಂದೇ ಸಾಮಾನಿಗೆ ಬೆರಳು ತೋರಿಸಿ ಹೆಸರು ಹೇಳಿಸುತ್ತಿದ್ದರು. ಚರಗಿ, ತಾಟು, ಕಿಟಕಿ. ಒಂದು ದಿನ ಬೆರಳು ದಾಕ್ಷಾಯಣಿಯ ಕಡೆ ತಿರುಗಿತು. "ಇವರು?" ಮೌನೇಶ ಬಾಯಿ ತೆರೆದ, ಮುಚ್ಚಿದ. "ಏ ಅನ್ನಬ್ಯಾಡ್ರಿ, ಹೆಸರ ಹೇಳ್ರಿ," ಅಂದರು ಅಕ್ಕೋರು. ಹಣೆಯ ಮೇಲೆ ಬೆವರು ಬಂತು. ಐದು ನಿಮಿಷ ಒದ್ದಾಡಿ "ದಾಕ್ಷಾ... ದಾಕ್ಷಾಯಣಿ" ಅಂದ. ಅಂದವನೇ ಗೊಳೋ ಎಂದು ಅತ್ತುಬಿಟ್ಟ. ಆ ಹೆಸರು ಅವನ ಬಾಯಿಂದ ಬಂದಿದ್ದು ಅದೇ ಮೊದಲು. ಅಡುಗೆಮನೆಗೆ ಓಡಿದ ದಾಕ್ಷಾಯಣಿ ಒಲೆಯ ಮುಂದೆ ನಿಂತು ತಾನೂ ಅತ್ತಳು. ಐವತ್ತೇಳನೆಯ ವಯಸ್ಸಿಗೆ ಇದೆಂಥ ಹುಚ್ಚು ಎಂದು ನಾಚಿಕೆಯೂ ಆಯಿತು.

ಅಂದಿನಿಂದ ಅವನು ಬದಲಾದ. ಅದು ಚಿಪ್ಪಿನ ಗುಣವೋ, ಮನುಷ್ಯನ ಗುಣವೋ ಎಂದು ಅವಳು ಒಮ್ಮೆ ಪ್ರಫುಲ್ಲಾಳನ್ನು ಕೇಳಿದ್ದಳು. "ಚಿಪ್ಪಿಗೆ ಗುಣ ಇಲ್ಲಮ್ಮ, ಅವರು ಕಲಿತದ್ದನ್ನು ಇಟ್ಟುಕೊಳ್ತದೆ ಅಷ್ಟೆ," ಅಂದಿದ್ದಳು ಅವಳು. ಮೌನೇಶ ದಿನಕ್ಕೆ ಇಪ್ಪತ್ತು ಸಲ ಹೆಂಡತಿಯನ್ನು ಹೆಸರು ಹಿಡಿದು ಕರೆಯುತ್ತಿದ್ದ, ಕೆಲಸವಿಲ್ಲದಿದ್ದರೂ ಕರೆಯುತ್ತಿದ್ದ. ಆಷಾಢದಲ್ಲಿ ಒಂದು ದಿನ, "ಕಲ್ಪನಾನ ನಂಬರ ಐತೇನು?" ಅಂದ.

ಕಲ್ಪನಾ ಅವರ ಒಬ್ಬಳೇ ಮಗಳು. ಜಾತಿ ಬಿಟ್ಟು ಮದುವೆಯಾದಳೆಂದು ಹನ್ನೊಂದು ವರ್ಷದ ಹಿಂದೆ, "ನನ್ನ ಪಾಲಿಗೆ ಸತ್ತಿ" ಎಂದು ಹೊಸ್ತಿಲಿನಿಂದಲೇ ತಿರುಗಿಸಿ ಕಳಿಸಿದ್ದ. ಸೊಲ್ಲಾಪುರದಲ್ಲಿದ್ದ ಅವಳ ಜೊತೆ ದಾಕ್ಷಾಯಣಿ ಕದ್ದು ಮಾತಾಡುತ್ತಿದ್ದಳು. ಮೊಮ್ಮಗಳ ಮುಖವನ್ನು ಫೋಟೋದಲ್ಲಿ ಮಾತ್ರ ನೋಡಿದ್ದಳು. ಅಂದು ಮೌನೇಶ ತಾನೇ ಫೋನು ಹಿಡಿದು, ಒಂದೊಂದು ಮಾತನ್ನೂ ಹುಡುಕಿ ಹುಡುಕಿ, ಮಗಳ ಹತ್ತಿರ ತಪ್ಪಾಯಿತು ಎಂದು ಕೇಳಿಕೊಂಡ. ಪಂಚಮಿಗೆ ಬಾ, ಕೂಸನ್ನೂ ಕರೆದುಕೊಂಡು ಬಾ ಅಂದ. ಅವಳು ಬರುತ್ತೇನೆ ಅಂದಳು.

ಈಗ ಅವಳು ಬರಲು ಎರಡೇ ದಿನ. ಪಡಸಾಲೆಯಲ್ಲಿ ಕುಳಿತವನಿಗೆ ಇದಾವುದೂ ಗೊತ್ತಿಲ್ಲ.

"ಅಮ್ಮ, ಪೆಟ್ಟಿಗೆಯಲ್ಲಿರುವ ಪ್ರತಿಗೆ ಹತ್ತು ತಿಂಗಳಾಗಿದೆ," ಅಂದಳು ಪ್ರಫುಲ್ಲಾ, ತನ್ನ ಪರದೆ ನೋಡಿ. "ಅಕ್ಟೋಬರಿನಿಂದ ಈಚೆಗೆ ಏನೂ ಮೂಡಿಯೇ ಇಲ್ಲ. ಸೋಮವಾರ ಕೂರಿಸ್ತಿರಲಿಲ್ವಾ?"

"ಒಂದ ಸೋಮವಾರಾನೂ ತಪ್ಪಿಸಿಲ್ರಿ! ಹಸಿರು ದೀಪಾನೂ ಉರೀತಿತ್ತು."

"ಹಸಿರು ದೀಪ ಅಂದ್ರೆ ಕರೆಂಟ್ ಉಂಟು ಅಂತ ಅಷ್ಟೆ. ಅಕ್ಟೋಬರಿನಲ್ಲಿ ಪೆಟ್ಟಿಗೆಯನ್ನು ಪೂರ್ತಿ ಬಂದ್ ಮಾಡಿದ್ರಾ?"

ಮಾಡಿದ್ದರು. ಖಂಡೇನವಮಿಯ ದಿನ. ಬಡಿಗೇರರ ಮನೆಯಲ್ಲಿ ಅಂದು ಉಳಿ, ಸುತ್ತಿಗೆ, ಲೇಥಿನ ಟೂಲು, ಹೊಲಿಗೆ ಯಂತ್ರ ಎಲ್ಲವನ್ನೂ ತೊಳೆದು ಕುಂಕುಮ ಹಚ್ಚಿ ಪೂಜೆಗಿಡುತ್ತಾರೆ. ಅಂದು ಯಾವ ಸಾಮಾನೂ ದುಡಿಯಬಾರದು. ತಲೆಗೆ ಅನ್ನ ಹಾಕುವ ಪೆಟ್ಟಿಗೆಗೂ ವಿಶ್ರಾಂತಿ ಬೇಡವೇ ಎಂದು ದಾಕ್ಷಾಯಣಿಯೇ ವೈರು ಕಿತ್ತು, ವಿಭೂತಿ ಹಚ್ಚಿ, ಚೆಂಡುಹೂ ಏರಿಸಿ ಜಗುಲಿಯ ಮುಂದೆ ಇಟ್ಟಿದ್ದಳು. ಮರುದಿನ ಮತ್ತೆ ಕರೆಂಟ್ ಕೊಟ್ಟಳು. ಕನ್ನಡಿಯ ಕೆಲಸವನ್ನು ಮತ್ತೊಮ್ಮೆ ಶುರು ಮಾಡಬೇಕು ಎಂದು ಅವಳಿಗೆ ಯಾರು ಹೇಳಿದ್ದರು? ಆಮೇಲಿನ ನಲವತ್ತು ಸೋಮವಾರ ಗಂಡ ಹೆಂಡತಿ ಸುಮ್ಮನೆ ದೀಪ ನೋಡುತ್ತ ಕೂತು ಎದ್ದಿದ್ದರು.

"ಗಾಬರಿಯಾಗ್ಬೇಡಿ. ಒಳಗಿನ ಚಿಪ್ ನಿಂತಿದೆ, ಆದ್ರೆ ಅದರಲ್ಲಿರೋದು ಹೋಗಿಲ್ಲ. ಅದನ್ನು ಓದುವ ಯಂತ್ರ ನಮ್ಮಲ್ಲಿಲ್ಲ, ಹಬ್ಬದ ಮರುದಿನ ಬರ್ತದೆ. ಅಲ್ಲಿಯವರೆಗೆ ಪೆಟ್ಟಿಗೆಯಿಂದಲೇ ನಡೀಲಿ. ಒಳಗಿನದನ್ನು ಮುಟ್ಟಬೇಡಿ ಅಮ್ಮ. ಪರದೆಯಲ್ಲಿ ಏನು ಬಂದ್ರೂ ನನ್ನ ಹತ್ರ ಕೇಳದೆ ಒತ್ತಬೇಡಿ."

ಹಬ್ಬದ ಮರುದಿನ! ಮಗಳು ಬರುವುದು ಹಬ್ಬದ ದಿನ. ಬರಬೇಡ ಎಂದು ಫೋನು ಮಾಡಲು ದಾಕ್ಷಾಯಣಿ ಮೂರು ಸಲ ನಂಬರು ಒತ್ತಿ ಮೂರು ಸಲವೂ ಕಡಿದಳು. ಹನ್ನೊಂದು ವರ್ಷ ಕಾದವಳಿಗೆ ಏನೆಂದು ಹೇಳುವುದು?

ಮರುದಿನ ಬೆಳಿಗ್ಗೆ ಡ್ಯೂಟಿ ತಪ್ಪಿಸುವಂತಿರಲಿಲ್ಲ. ಹಬ್ಬಕ್ಕೆ ಇಡೀ ಊರಿಗೆ ನೀರು ಬಿಡುವ ದಿನ. ಪಕ್ಕದ ಮನೆಯ ಗಂಗಮ್ಮನನ್ನು ಗಂಡನ ಹತ್ತಿರ ಕೂರಿಸಿ ಹೋದಳು. ಕಂಟ್ರೋಲ್ ರೂಮಿನ ಗೋಡೆಯ ತುಂಬ ಪರದೆಗಳು. ಯಾವ ಟ್ಯಾಂಕಿನಲ್ಲಿ ಎಷ್ಟು ನೀರು, ಯಾವ ಪೈಪಿನಲ್ಲಿ ಎಷ್ಟು ಒತ್ತಡ, ಎಲ್ಲ ಕಾಣುತ್ತದೆ. ಆದರೂ ದೊಡ್ಡ ವಾಲ್ವುಗಳನ್ನು ಕೈಯಿಂದಲೇ ತಿರುಗಿಸಬೇಕು. ಅವಳು ವೈರ್‌ಲೆಸ್ಸಿನಲ್ಲಿ ಹೇಳುತ್ತಾಳೆ, ಹೊರಗೆ ವಾಲ್‌ಮನ್ ದಾವಲಸಾಬ ತಿರುಗಿಸುತ್ತಾನೆ.

"ದಾವಲಸಾಬ, ನಾಕನೇದ ತಗಿ."

"ತಗದೆ ಅಕ್ಕಾರ."

"ಏಳನೇದ ತಗಿ."

"ತಗದೆ ಅಕ್ಕಾರ. ಏನಾಗೇತ್ರಿ, ದನಿ ಯಾಕ ಬಿದ್ದಂಗ ಐತಿ?"

"ಏನಿಲ್ಲಪಾ. ಹನ್ನೊಂದನೇದ ತಗಿ."

ತೆಗಿ ಎಂದರೆ ನೀರು ಹರಿಯುತ್ತದೆ. ಬಂದ್ ಎಂದರೆ ನಿಲ್ಲುತ್ತದೆ. ಇಪ್ಪತ್ತಾರು ವರ್ಷ, ದಿನಕ್ಕೆ ನೂರು ಸಲ, ಅವಳ ಬಾಯಲ್ಲಿ ಆ ಮಾತಿಗೆ ಇದ್ದದ್ದು ಇದೊಂದೇ ಅರ್ಥ.

ಮಧ್ಯಾಹ್ನ ಮನೆಗೆ ಬರುವಷ್ಟರಲ್ಲಿ ಗಂಗಮ್ಮನ ಮುಖ ಕೆಂಪಗಾಗಿತ್ತು. "ಏನ ಬಾಯಿ ನಿಮ್ಮ ಯಜಮಾನ್ರದು! ನಿನ್ನೆ ಮೊನ್ನೆ ತನಕ ಗಂಗಕ್ಕಾ ಅಂತಿದ್ರು," ಎಂದು ಸೆರಗು ಕೊಡವಿ ಎದ್ದು ಹೋದಳು. ಮೌನೇಶ ಹಗ್ಗದ ಕಡೆಯೇ ಕಣ್ಣಿಟ್ಟು ಕೂತಿದ್ದ.

"ಏ, ತಗಿ ಅಂತ ಹೇಳಿಲ್ಲೇನು ಅದನ್ನ?"

"ಕಲ್ಪನಾ ಬರತಾಳ," ಅಂದಳು ದಾಕ್ಷಾಯಣಿ. ಹೇಳಿ ನೋಡೋಣ ಎಂದು ಹೇಳಿದಳು. "ನೀವ ಕರದೀರಿ."

ಅವನು ಒಂದು ಕ್ಷಣ ಆ ಹೆಸರನ್ನು ಹುಡುಕಿದ. ಸಿಕ್ಕಿತು. ಅವಳು ಮೂವತ್ತು ವರ್ಷ ಕಂಡು ಹೆದರಿದ್ದ ಆ ಗಂಟು ಹುಬ್ಬುಗಳ ನಡುವೆ ಕೂತಿತು. "ಆಕಿ ಸತ್ತಾಳ," ಅಂದ. "ಬಂದ್ರ ಬಾಗಲಾ ತಗೀಬ್ಯಾಡ."

ಅವಳು ಪೆಟ್ಟಿಗೆಯ ಮುಂದೆ ಕುಕ್ಕರಿಸಿದಳು. ಅಂಗೈಯಷ್ಟಗಲದ ಪರದೆಯ ಮೇಲೆ ನಿನ್ನೆಯಿಂದ ಅದೇ ಸಾಲು ಮಿನುಗುತ್ತಿತ್ತು. ಎರಡು ಪ್ರತಿಗಳು ಹೊಂದುತ್ತಿಲ್ಲ. ಒಳಗಿನ ಪ್ರತಿ ಹೊಸದು. ಅದರ ಕೆಳಗೆ ತಾರೀಖು, ನಿನ್ನೆಯ ತಾರೀಖು. ಅದರ ಕೆಳಗೆ ಅಕ್ಕಪಕ್ಕ ಎರಡು ಗುಂಡಿ: ತೆಗೆ. ಬಿಡು.

ನಿನ್ನೆಯವನು ಅಲ್ಲೇ ಇದ್ದಾನೆ. ಅವಳ ಗಂಡನ ಕಿವಿಯ ಹಿಂದೆ, ಅರ್ಧ ಗೇಣಿನ ದೂರದಲ್ಲಿ. ಹಗ್ಗ ಕಟ್ಟಿದವನು, ಮೊಮ್ಮಗಳ ತೂಕ ಕೇಳಿದವನು. ಕಂಪನಿಯವರಿಗೆ ಹಬ್ಬ ಗೊತ್ತೇ, ತವರು ಗೊತ್ತೇ? ಮುಟ್ಟಬೇಡಿ ಅಂದರು. ತಾನು ಕೆಡಿಸುವವಳಲ್ಲ, ತೆಗೆಯುವವಳು. ಬಾಗಿಲು ತೆಗೆದ ಹಾಗೆ, ವಾಲ್ವು ತೆಗೆದ ಹಾಗೆ. ಬಿಡು ಎಂದರೆ ಕೈಬಿಟ್ಟ ಹಾಗೆ. ಅವನನ್ನು ಹೇಗೆ ಬಿಡುವುದು?

ತೆಗೆ ಎಂಬುದನ್ನು ಒತ್ತಿದಳು. ಖಚಿತವೇ ಎಂದು ಕೇಳಿತು. ಹೌದು. ಮನೆಯವರ ಹೆಬ್ಬೆಟ್ಟು ಕೇಳಿತು. ಸೀರೆಗೆ ಒರೆಸಿ ಒತ್ತಿದಳು. ಒಂದು ಪಟ್ಟಿ ಎಡದಿಂದ ಬಲಕ್ಕೆ ನಿಧಾನಕ್ಕೆ ತುಂಬಿತು. ಟ್ಯಾಂಕು ತುಂಬುವ ಹಾಗೆಯೇ ಕಂಡಿತು ಅವಳಿಗೆ. ತುಂಬಿದ ಮೇಲೆ ಗಂಡನ ಮುಖ ನೋಡಿದಳು.

"ಏನ ನೋಡ್ತಿ?" ಅಂದ ಅವನು. "ಊಟಕ್ಕ ಹಾಕು."

ಅಂದೇ ಸಂಜೆ ಸರ್ವಿಸ್ ಸೆಂಟರಿಗೆ ಹೋಗುವಾಗ ಅವನು ಆಟೋದಲ್ಲಿ ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ದಾರಿಯುದ್ದಕ್ಕೂ ಬೈದ. ಪ್ರಫುಲ್ಲಾ ತನ್ನ ದೊಡ್ಡ ಪರದೆಗೆ ವೈರು ಸೇರಿಸಿದಳು, ಒಂದೆರಡು ಕಡೆ ಒತ್ತಿದಳು, ಆಮೇಲೆ ಒತ್ತುವುದನ್ನು ನಿಲ್ಲಿಸಿ ದಾಕ್ಷಾಯಣಿಯ ಕಡೆ ತಿರುಗಿದಳು.

"ಎಂತ ಒತ್ತಿದ್ರಿ ಅಮ್ಮ?"

"ತೆಗೆ ಅಂತ ಇತ್ತು. ಹೊಸಾದನ್ನ ತಗದೆ."

"ಅದು ಓಪನ್ ಮಾಡೋದಲ್ಲಮ್ಮ." ಪ್ರಫುಲ್ಲಾಳ ದನಿ ಸಣ್ಣಗಾಯಿತು. "ತೆಗೆದುಹಾಕೋದು. ಡಿಲೀಟ್. ಬಿಡು ಅಂದ್ರೆ ಇದ್ದ ಹಾಗೇ ಬಿಡು ಅಂತ."

ದಾಕ್ಷಾಯಣಿ ಪೆಟ್ಟಿಗೆಯ ಪರದೆಯನ್ನು ಒಮ್ಮೆ ನೋಡಿದಳು. ಆಮೇಲೆ ಕೇಳಿದಳು. "ಅಳಸೋದಿದ್ರ ಅಳಿಸು ಅಂತ ಬರೀಬೇಕಿತ್ತಲ್ರಿ. ತೆಗೆ ಅಂತ ಯಾಕ ಬರದ್ರಿ?"

ಪ್ರಫುಲ್ಲಾ ತಲೆ ತಗ್ಗಿಸಿದಳು. "ಮೊದಲು ಅಳಿಸು ಅಂತಲೇ ಇತ್ತು. ಮೀಟಿಂಗಿನಲ್ಲಿ ಒಬ್ಬರು ಹೇಳಿದ್ರು, ಅಳಿಸು ಅಂದ್ರೆ ಅಳುವ ಹಾಗೆ ಮಾಡು ಅಂತಲೂ ಆಗ್ತದೆ, ರೋಗಿಯ ಮನೆಯವರಿಗೆ ಬೇಜಾರಾಗ್ಬಹುದು ಅಂತ. ಮತ್ತೆ ಎಲ್ಲರೂ ಸೇರಿ ತೆಗೆ ಅಂತ ಮಾಡಿದ್ರು. ನಾನೂ ಸಹಿ ಹಾಕಿದ್ದೆ."

ದಾಕ್ಷಾಯಣಿ ನಕ್ಕಳು. ನಗು ಬರಬಾರದ ಹೊತ್ತಿನಲ್ಲಿ ಬಂದ ನಗು, ನಿಲ್ಲಿಸಲು ಬಾಯಿಗೆ ಸೆರಗು ಒತ್ತಬೇಕಾಯಿತು. "ನಾವು ಅಳಬಾರದು ಅಂತ ಹಂಗ ಮಾಡಿದ್ರೇನ್ರಿ? ದೊಡ್ಡ ಉಪಕಾರ ಆತು."

"ಹೊಸ ಚಿಪ್ ಹಾಕ್ತೇವೆ. ಪೆಟ್ಟಿಗೆಯಲ್ಲಿರೋದನ್ನೇ ಅದಕ್ಕೆ ತುಂಬಿಸ್ತೇವೆ. ಅದೇ ಮನುಷ್ಯ ಅಲ್ವಾ ಅಮ್ಮ, ಒಂದು ಸಲ ಕಲಿತವರು ಇನ್ನೊಂದು ಸಲ ಕಲೀತಾರೆ."

"ಮೊದಲ ಸಲ ಕಲಿಯಾಕ ಮೂವತ್ತೊಂದು ವರ್ಷ ಹಿಡೀತ್ರಿ," ಅಂದಳು ದಾಕ್ಷಾಯಣಿ. "ನನಗೀಗ ಐವತ್ತೇಳು."

ಪ್ರಫುಲ್ಲಾ ಒಂದು ಕಾಗದ ಮುಂದಿಟ್ಟಳು. ಮನೆಯವರ ಒಪ್ಪಿಗೆಯ ಮೇರೆಗೆ ಒಳಗಿನ ಪ್ರತಿಯನ್ನು ತೆಗೆಯಲಾಗಿದೆ ಎಂದು ಅದರಲ್ಲಿ ಅಚ್ಚಾಗಿತ್ತು. ದಾಕ್ಷಾಯಣಿಯ ಹೆಬ್ಬೆಟ್ಟು ಆಗಲೇ ಬಿದ್ದಿತ್ತು, ಗೆರೆಗೆರೆ ಸ್ಪಷ್ಟವಾಗಿ. ಬೆಂಚಿನ ಮೇಲಿಂದ ಮೌನೇಶ, "ಏ, ಏನ ಹೋತಂತ? ಎಷ್ಟೊತ್ತ ಇನ್ನಾ?" ಎಂದು ಗದರಿದ.

ಹಬ್ಬದ ದಿನ ಬೆಳಿಗ್ಗೆ ಎಂಟಕ್ಕೆ ಬಾಗಿಲ ಚಿಲಕ ಅಲ್ಲಾಡಿತು. ಬಳೆಯ ಸದ್ದು, ಒಂದು ಸಣ್ಣ ದನಿಯ ಕಿಲಕಿಲ. "ಅವ್ವಾ, ಬಾಗಲಾ ತಗಿ."

"ತಗೀಬ್ಯಾಡ," ಅಂದ ಮೌನೇಶ. ಎದ್ದು ನಿಂತ. ಎರಡು ಹೆಜ್ಜೆ ಇಟ್ಟ, ವೈರು ಬಿಗಿಯಿತು, ಅಲ್ಲೇ ನಿಂತ. "ಏ! ತಗೀಬ್ಯಾಡ ಅಂದೆ!"

ಒಂದು ಕ್ಷಣ ದಾಕ್ಷಾಯಣಿ ಆ ವೈರನ್ನೇ ನೋಡಿದಳು. ಕಿತ್ತರೆ ಅವನ ಬಾಯಿ ನಿಲ್ಲುತ್ತದೆ. ಬೇಕಾದರೆ ಹಬ್ಬ ಮುಗಿಯುವವರೆಗೂ ನಿಲ್ಲಿಸಬಹುದು. ಕೈ ಅಲ್ಲಿಯವರೆಗೆ ಹೋಗಿ ವಾಪಸು ಬಂತು. ತೆಗೆಯುವುದು ಒಂದು ಸಲವೇ ಸಾಕಾಗಿತ್ತು ಅವಳಿಗೆ. ಹೋಗಿ ಬಾಗಿಲು ತೆರೆದಳು.

ಕಲ್ಪನಾ ಹಸಿರು ಸೀರೆ ಉಟ್ಟಿದ್ದಳು. ಅವಳ ಹಿಂದೆ ಎಂಟು ವರ್ಷದ ಹುಡುಗಿ ಒಳಗೆ ಇಣುಕಿ, "ಜೋಕಾಲಿ!" ಎಂದು ಕೂಗಿತು, ಅಜ್ಜನ ಮುಖ ನೋಡಿ ಅಲ್ಲೇ ನಿಂತಿತು. ಅಪ್ಪ ಬಾಗಿಲಿಗೆ ಬರುತ್ತಾನೆ ಎಂದು ಕಲ್ಪನಾ ಕಾದಳು. ಅಪ್ಪನ ಬಾಯಿಂದ ಬಂದದ್ದು ಹನ್ನೊಂದು ವರ್ಷದ ಹಿಂದಿನ ಅದೇ ಮಾತು.

"ಅವ್ವಾ, ಏನಿದು?" ಅವಳ ಕಣ್ಣು ತುಂಬಿದವು. "ಅಪ್ಪನೇ ಫೋನ ಮಾಡಿ ಕರದನಲ್ಲ! ನಾ ಸುಳ್ಳ ಹೇಳಾಕತ್ತೀನೇನು?"

"ನಿನ್ನ ಕರದಾಂವ ಹೋಗ್ಯಾನ ಕಲ್ಪನಾ," ಅಂದಳು ದಾಕ್ಷಾಯಣಿ. "ನಾನೇ ತಗದೆ." ಉಳಿದದ್ದನ್ನು ಹೊಸ್ತಿಲಲ್ಲೇ ನಿಂತು ನಾಲ್ಕು ಮಾತಿನಲ್ಲಿ ಹೇಳಿದಳು.

ಕಲ್ಪನಾ ನಂಬಲಿಲ್ಲ, ಅಥವಾ ನಂಬಲು ಮನಸ್ಸಾಗಲಿಲ್ಲ. ಅವಳ ಫೋನಿನಲ್ಲಿ ಬಂದ ಮಾತೆಲ್ಲ ತಾನಾಗಿ ದಾಖಲಾಗುತ್ತಿದ್ದವು. ಆಷಾಢದಿಂದ ಎಷ್ಟು ಸಲ ಕೇಳಿಸಿಕೊಂಡಿದ್ದಳೋ, ಹುಡುಕಬೇಕಾಗಲೇ ಇಲ್ಲ. ಅಪ್ಪನ ಎದುರು ಹೋಗಿ ಫೋನು ಹಿಡಿದಳು. ಪಡಸಾಲೆಯಲ್ಲಿ ಮೌನೇಶನ ದನಿ, ತಡೆತಡೆದು, ಮೂಗು ಕಟ್ಟಿಕೊಂಡು ಬಂತು. "ಕಲ್ಪನಾ... ನಾನವ್ವಾ, ಅಪ್ಪ. ತಪ್ಪಾತು. ಭಾಳ ತಪ್ಪಾತು. ನಿಮ್ಮವ್ವ ದಾಕ್ಷಾಯಣಿ ಇಲ್ಲೇ ಅದಾಳ. ಪಂಚಮಿಗೆ ಬಾ. ಕೂಸಿಗೆ ಜೋಕಾಲಿ ಕಟ್ಟತೀನಿ. ಬರತೀಯಲ್ಲ?" ಆಮೇಲೆ ಮಾತಿರಲಿಲ್ಲ, ಬಿಕ್ಕುವುದಷ್ಟೇ ಕೇಳುತ್ತಿತ್ತು.

ಮೌನೇಶ ತಲೆ ಓರೆ ಮಾಡಿ ಕೊನೆಯವರೆಗೂ ಕೇಳಿದ. ಸಿಟ್ಟು ಇಳಿದು, ಮುಖದ ಮೇಲೆ ಏನೋ ಗೊತ್ತಾಗದ ಕಳೆ ಬಂತು. ಮಗಳನ್ನು ಬಿಟ್ಟು ಹೆಂಡತಿಯ ಕಡೆ ತಿರುಗಿದ.

"ಏ, ಯಾಂವ ಅಂವಾ? ಯಾಕ ಹಂಗ ಅಳಾಕತ್ತಾನ?"

"ಗೊತ್ತಿಲ್ಲ," ಅಂದಳು ದಾಕ್ಷಾಯಣಿ. "ಏಳೆಂಟ ತಿಂಗಳ ನಮ್ಮ ಮನ್ಯಾಗ ಇದ್ದ."